ಕೈಯಲ್ಲಿದ್ದ ಎರಡನೆಯ ಅರ್ಜಿ

೨೦೦೧ರ ಜೂನ್. ಮೈಸೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ತಂಗಿಯ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ವಿಜಯನಗರದ ಬಸ್ಸಿನಲ್ಲಿ ಜೊತೆಗೇ ಬಂದ ತಾಯಿ, ಮಗಳು. ತಾಯಿಯ ಕೈಯಲ್ಲಿ ಎರಡು ಅರ್ಜಿಗಳಿದ್ದವು.

“ಹೋದ್ವರ್ಷ ಎಂಬತ್ತೆಂಟಕ್ಕೇ ಲಿಸ್ಟ್ ನಿಂತೋಯ್ತಂತೆ ಕಣಮ್ಮ. ನಂದು ಎಂಬತ್ತೇಳೂವರೆ.”

“ಈ ಸಲ ಇಳೀಬೋದು ಸುಷ್ಮಾ. ಒಂದಿಬ್ರು ಕಮ್ಮಿ ಆದ್ರೆ ಸಾಕು.”

“ಒಬ್ಬಳು ನಿನ್ ಕೈಯಲ್ಲೇ ಇದಾಳಲ್ಲ. ಮಾಳವಿಕಂಗೆ ತೊಂಬತ್ತೊಂದು.”

“ಗೊತ್ತು. ಅವರಮ್ಮ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ಲಲ್ಲ.”

“ನನ್ನ ಕೆಮಿಸ್ಟ್ರಿ ನೋಟ್ಸ್ ಇಸ್ಕೊಂಡೇ ಓದಿದ್ದು ಅವಳು.”

“ಕೊಡ್ಬೇಡ ಅಂದಿದ್ದೆ ನಾನು.”

“ಈಗ ಕಾಮಾಲೆ ಅಂತ ಮಲಗಿದಾಳೆ, ಅರ್ಜಿನೂ ನಾವೇ ಹೊತ್ಕೊಂಡ್ ಬರ್ಬೇಕು. ಅವಳಿಗೆ ಎಲ್ಲಾದ್ರೂ ಸೀಟ್ ಸಿಗುತ್ತೆ. ಹುಡುಗರು ಓದೋ ಕಾಲೇಜಿಗೆ ಅಪ್ಪ ನನ್ನ ಕಳಿಸ್ತಾರಾ?”

ಸಾಲು ಮುಂದೆ ಸರಿಯಿತು. ತಾಯಿ ಒಂದು ಅರ್ಜಿಯನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದರು. ಮಗಳು ಅದನ್ನು ನೋಡಿ ಕೌಂಟರಿನತ್ತ ಮುಖ ತಿರುಗಿಸಿದಳು.

“ಒಂದೇನಾ ಅಮ್ಮ?” ಎಂದು ಕೌಂಟರಿನವರು ಕೇಳಿದರು.

ತಾಯಿ ಕೈಯಲ್ಲಿದ್ದ ಅರ್ಜಿಯನ್ನು ಅರ್ಧ ಚಾಚಿ ಹಿಂದಕ್ಕೆಳೆದುಕೊಂಡರು. ಆಮೇಲೆ ಬ್ಯಾಗ್ ತೆರೆದರು.

“ಎರಡು ಸಾರ್.”

ಎರಡು ರಸೀದಿ ಹಿಡಿದು ಇಬ್ಬರೂ ಗೇಟಿನತ್ತ ತಿರುಗಿದರು.

“ಯಾಕಮ್ಮ ಕೊಟ್ಬುಟ್ಟೆ? ಅವರಮ್ಮ ರಸೀದಿ ಕೇಳ್ತಾರೆ ಅಂತಾನಾ?”

“ಎಲ್ಲಿ ಕೇಳ್ತಾಳೆ ಅವಳು! ನೀವಿದೀರಲ್ಲ ಅಂತ ನನ್ ಕೈಗೆ ಕೊಟ್ಟು ನೆಮ್ಮದಿಯಾಗಿ ಒಳಗೋದ್ಲು. ನಂಗೆ ಹೊಟ್ಟೆ ಉರಿಯೋದೇ ಅದಕ್ಕೆ ಕಣೆ.”