ಹುಲ್ಲೆಗಳ ಬಯಲಿಗೆ ಬೇಲಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಹುಲ್ಲೆಧಾಮದ ಕಾವಲುಗಾರನೂ ಅವನ ಹೆಂಡತಿಯ ತಮ್ಮನೂ ಕೂತಿದ್ದರು.

“ಭಾವ, ಆ ಹುಲ್ಲುಗಾವಲಲ್ಲಿ ಸಸಿ ಯಾಕೆ ನೆಟ್ರಿ? ಹುಲ್ಲೆಗೆ ಬಟ್ಟಬಯಲು ತಾನೇ ಬೇಕು?”

“ಬರೀ ಹುಲ್ಲಿದ್ರೆ ಪಾಳುಬಿದ್ದ ಹಾಗೆ ಕಾಣುತ್ತೆ ಅಂದ್ರಪ್ಪ ಸಾಹೇಬ್ರು.”

“ಸಸೀನ ಅವು ಬಿಡ್ತವಾ?”

“ಎಲ್ಲಿ ಬಿಟ್ವು! ಅದಕ್ಕೇ ಎಲ್ಲಾನೂ ಆಚೆ ಓಡಿಸಿ ಬೇಲಿ ಹಾಕಿದ್ವಿ.”

“ಬೇಲಿ ನಿಮ್ಮದು, ಮೇಯ್ತಿರೋದು ನಮ್ಮ ಹೊಲ! ಇವತ್ತೇ ಅಟ್ತೀನಿ.”

“ಮುಟ್ಟೀಯಾ, ಜೋಕೆ! ರಕ್ಷಿತ ಪ್ರಾಣಿ. ಕೇಸ್ ಹಾಕ್ಬೇಕಾಗುತ್ತೆ.”

“ಹೆಂಡ್ತಿ ತಮ್ಮನ ಮೇಲೂನಾ?”

“ಕಾನೂನಿಗೆ ಭಾವಮೈದ ಅಂತೇನಿಲ್ಲ.”

ನಿಲ್ದಾಣ ಬಂತು. ಇಬ್ಬರೂ ಎದ್ದರು, ಅವರ ಹಿಂದೆಯೇ ನಾನೂ. ಬಾಗಿಲ ಬಳಿ ಕಾವಲುಗಾರ ದನಿ ತಗ್ಗಿಸಿದ.

“ನಾಳೆ ಹುಲ್ಲೆ ನೋಡೋಕೆ ಮಂತ್ರಿಗಳು ಬರ್ತಾರೆ. ಗೇಟು ತೆಗೆದಿಟ್ಟಿರ್ತೀನಿ. ಬೆಳಿಗ್ಗೆ ಒಂದೈದಾರನ್ನ ನಮ್ಮ ಕಡೆ ಅಟ್ಟಿಬಿಡೋ, ಮಾರಾಯ.”