ಬೀಗರ ಹಿರಿಯರೆಂದು ಬಸ್ಸಿನಲ್ಲಿ ಕೂರಿಸಿದ್ದರ ಬಗ್ಗೆ

ಮನೆಮಂದಿಯೆಲ್ಲ ಗಡಿಬಿಡಿ ಮಾವ ಎಂದು ಕರೆಯುವ ನಾನು, ವಯಸ್ಸು ಐವತ್ನಾಲ್ಕು, ಕಸುಬು ಪಾತ್ರೆ ಅಂಗಡಿ, ವಾಸ ಬಸ್ ಡಿಪೋ ಹಿಂದಿನ ರಸ್ತೆಯಲ್ಲಿ ಅಂಗಡಿಯ ಮೇಲಿನ ಮನೆ, ನಾಳೆ ಮದುವೆಯಾಗಬೇಕಿರುವ ಹುಡುಗಿಯ ಸೋದರಮಾವ. ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ, ಇಂದು ಇಡೀ ದಿನ ನಮ್ಮ ಬಸ್ಸಿನಲ್ಲಿದ್ದ ವೃದ್ಧರನ್ನು ನಾವು ಬೇಕೆಂದು ಕರೆದೊಯ್ದಿಲ್ಲ. ಅವರು ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ನೋಡಲು ಹೊರಟವರು ಎಂಬುದು, ಅವರ ಮಗಳು ಬಂದು ಹೇಳುವವರೆಗೆ, ದೇವರಾಣೆ ನನಗೆ ಗೊತ್ತಿರಲಿಲ್ಲ.

ಪರವೂರಿನಿಂದ ಬಂದ ಎರಡೂ ಕಡೆಯ ನೆಂಟರಿಗೆ ಊರು ತೋರಿಸುವ ಜವಾಬ್ದಾರಿ ನನ್ನದು. ಅದಕ್ಕೆಂದು ಒಂದು ಸಿಟಿ ಬಸ್ಸನ್ನು ಬಾಡಿಗೆಗೆ ಗೊತ್ತುಮಾಡಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ಛತ್ರದ ಎದುರಿನ ಸ್ಟಾಪಿನಲ್ಲಿ ನಿಲ್ಲಿಸಿದ್ದೆವು. ಮುಂದಿದ್ದ ಆಸ್ಪತ್ರೆ ಮಾರ್ಗದ ಬೋರ್ಡನ್ನು ತೆಗೆಸಬೇಕಿತ್ತು, ತೆಗೆಸಲಿಲ್ಲ. ಅದರ ಕೆಳಗೇ ಹೂವಿನ ಹಾರ ಕಟ್ಟಿದೆವು.

ಆ ಹಿರಿಯರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಊಟದ ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದರು. ನಾನೇ ಕೈಹಿಡಿದು ಹತ್ತಿಸಿ ಮುಂದಿನ ಸೀಟು ಕೊಟ್ಟೆ. ಬೀಗರ ಕಡೆಯ ದೊಡ್ಡವರು, ಪಥ್ಯದ ಊಟ ತಂದಿರಬೇಕು ಅಂದುಕೊಂಡೆ. ಬೀಗರ ಹಿರಿಯರನ್ನು ತಾವು ಯಾರು ಎಂದು ಕೇಳುವುದುಂಟೇ ಸ್ವಾಮಿ? ಮದುವೆಯ ಹಿಂದಿನ ದಿನ ರಾದ್ಧಾಂತವಾಗಲು ಅಷ್ಟೇ ಸಾಕು. ಹುಡುಗನ ಚಿಕ್ಕಪ್ಪ ನನ್ನ ಉಪಚಾರ ನೋಡಿ, ಇವರು ಹೆಣ್ಣಿನ ಕಡೆಯ ಅಜ್ಜ ಎಂದುಕೊಂಡು ನಮಸ್ಕಾರ ಮಾಡಿದರಂತೆ. ಆ ನಮಸ್ಕಾರ ನೋಡಿ ನನಗಿದ್ದ ಚೂರುಪಾರು ಅನುಮಾನವೂ ಹೋಯಿತು.

ದೊಡ್ಡ ಸರ್ಕಲ್ಲಿನಲ್ಲಿ ಬಸ್ಸು ಬಲಕ್ಕೆ ಆಸ್ಪತ್ರೆ ರಸ್ತೆಗೆ ತಿರುಗದೆ ನೇರ ಮ್ಯೂಸಿಯಂ ಕಡೆ ಹೋದಾಗ ಅವರು ಎದ್ದು ನಿಂತರು. ಅವರ ಬಾಯಿ ಒಂದು ಬದಿಗೆ ಓರೆಯಾಗಿದೆ, ಮಾತು ತಡವರಿಸುತ್ತದೆ. ಇಳಿಯಬೇಕು ಎಂದರು. ಬೀಗರಿಗೆ ಯಾವುದಕ್ಕೋ ಮುನಿಸು ಬಂತಲ್ಲಪ್ಪ ಎಂದುಕೊಂಡೆ. ನನ್ನ ಮದುವೆಯಲ್ಲಿ ಕುರ್ಚಿ ಸಿಗಲಿಲ್ಲವೆಂದು ಎದ್ದುಹೋದ ದೊಡ್ಡಪ್ಪನೊಬ್ಬರು ಇವತ್ತಿಗೂ ನಮ್ಮ ಮನೆ ಹೊಸ್ತಿಲು ತುಳಿದಿಲ್ಲ. ಆದ್ದರಿಂದ ಇವರ ಕೈಹಿಡಿದು ಕೂರಿಸಿ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡೆ.

ಮ್ಯೂಸಿಯಂ ಬಾಗಿಲಲ್ಲಿ ಇಳಿದಾಗ ಮತ್ತೆ ರಸ್ತೆಯ ಕಡೆ ಹೊರಟರು. ನಾನು ಒಂದು ತೋಳು, ಹುಡುಗನ ಚಿಕ್ಕಪ್ಪ ಇನ್ನೊಂದು ತೋಳು ಹಿಡಿದು ಮರ್ಯಾದೆಯಿಂದಲೇ ಒಳಗೆ ಕರೆದೊಯ್ದೆವು. ಆಗ ಅವರು ಕಷ್ಟಪಟ್ಟು ಹೇಳಿದ ಮಾತು ಒಂದೇ: “ಮನೆಯೋಳು ಕಾಯ್ತಿರ್ತಾಳೆ.”

ವಯಸ್ಸಾದ ಹೆಂಗಸರೆಲ್ಲ ಛತ್ರದಲ್ಲೇ ಉಳಿದಿದ್ದರಿಂದ ಇವರ ಯಜಮಾನಿಯೂ ಅಲ್ಲೇ ಇದ್ದಾರೆ ಎಂದು ತಿಳಿದೆ. ಈ ವಯಸ್ಸಿನಲ್ಲೂ ಅರ್ಧ ದಿನ ಬಿಟ್ಟಿರಲು ಆಗುವುದಿಲ್ಲವೇ ಎಂದು ಛೇಡಿಸಿದೆ. ಸುತ್ತ ಇದ್ದವರೆಲ್ಲ ನಕ್ಕರು. ಅವರ ಕಣ್ಣಲ್ಲಿ ನೀರಿತ್ತು. ನಕ್ಕೂ ನಕ್ಕೂ ಬಂದಿರಬೇಕು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಮಧ್ಯಾಹ್ನ ಕೆರೆಯ ಪಕ್ಕದ ಪಾರ್ಕಿನಲ್ಲಿ ಊಟವಾಯಿತು. ಅವರು ಕ್ಯಾರಿಯರ್ ತೆರೆಯಲಿಲ್ಲ. ನಾನು ಒತ್ತಾಯ ಮಾಡಿ ಎರಡು ಸಲ ಸಿಹಿ ಬಡಿಸಿದೆ. ಅವರು ತಟ್ಟೆ ಬಿಟ್ಟು ರಸ್ತೆಯನ್ನೇ ನೋಡುತ್ತ ಕೂತಿದ್ದರು.

ಸಂಜೆ ಆರಕ್ಕೆ ಛತ್ರಕ್ಕೆ ವಾಪಸಾದಾಗ ಬಾಗಿಲಲ್ಲಿ ಪೊಲೀಸರೊಂದಿಗೆ ಅವರ ಮಗಳು ನಿಂತಿದ್ದರು. ಆಕೆ ಐದರವರೆಗೂ ಆಸ್ಪತ್ರೆ ಬಿಟ್ಟು ಬರಲಾಗದೆ, ಆಮೇಲೆ ಹುಡುಕಲು ಹೊರಟಿದ್ದರು. ಸ್ಟಾಪಿನ ಹಣ್ಣಿನ ಅಂಗಡಿಯವರು, ಹಾರ ಕಟ್ಟಿದ ಬಸ್ಸು ಹತ್ತಿದರು ಎಂದು ಹೇಳಿದ್ದರಂತೆ. ಆಕೆ ನನ್ನ ಮೇಲೆ ಕೈ ಎತ್ತಿದರು. ಹಿರಿಯರು ನಡುವೆ ಬಂದರು.

“ಬೈಬೇಡಮ್ಮ, ಚೆನ್ನಾಗಿ ನೋಡ್ಕೊಂಡ್ರು. ನಡಿ, ಅಮ್ಮನಿಗೆ ಹೊತ್ತಾಯ್ತು.”

ಆಕೆ ಅವರನ್ನು ಆಟೊದಲ್ಲಿ ಕೂರಿಸಿ, ನನ್ನನ್ನು ಕಂಬದ ಮರೆಗೆ ಕರೆದರು. ತಾಯಿ ನಾಲ್ಕು ಗಂಟೆಗೆ ತೀರಿಕೊಂಡರು, ಕೊನೆಯವರೆಗೂ ಬಾಗಿಲನ್ನೇ ನೋಡುತ್ತಿದ್ದರು, ಅಪ್ಪನಿಗೆ ಇನ್ನೂ ಹೇಳಿಲ್ಲ ಎಂದರು. ಆಟೊ ಹೊರಡುವಾಗ ಹಿರಿಯರು ನನಗೆ ಕೈಮುಗಿದು, ಮದುವೆ ಚೆನ್ನಾಗಿ ಆಗಲಿ ಎಂದು ಹರಸಿದರು.

ಅವರನ್ನು ತಡೆದಿರಾ ಎಂದು ಸಾಹೇಬರು ಕೇಳಿದ್ದಕ್ಕೆ ಮೊದಲು ಇಲ್ಲ ಎಂದಿದ್ದೆ. ದಯವಿಟ್ಟು ಅದನ್ನು ಹೊಡೆದುಹಾಕಿ. ನಾಲ್ಕು ಗಂಟೆಗೆ ಕೆರೆಯ ಮೆಟ್ಟಿಲ ಬಳಿ ಎರಡೂ ಕಡೆಯವರ ಫೋಟೊ ತೆಗೆಸುವಾಗ ಅವರು ರಸ್ತೆಯ ಕಡೆ ಹೊರಟೇಬಿಟ್ಟಿದ್ದರು. ಹಿಂದಿನಿಂದ ಓಡಿಹೋಗಿ ಕರೆತಂದು, ನಡುವಿನ ಕುರ್ಚಿಯಲ್ಲಿ ಕೂರಿಸಿ, ಮತ್ತೆ ಏಳದಂತೆ ಎರಡೂ ಭುಜ ಒತ್ತಿ ಹಿಡಿದು ನಿಂತವನು ನಾನೇ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಕೇಳಿದೆ. ನಡೆದದ್ದು ಹೀಗೆಯೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆ
ದಿನಾಂಕ: ಮದುವೆಯ ಹಿಂದಿನ ದಿನ, ಸಂಜೆ
ಸಹಿ: ಹುಡುಗಿಯ ಸೋದರಮಾವ