ಒರ್ಲಾತ್ ಜಲ್ಲಿ ದಾರಿಯ ಹೆಜ್ಜೆ

ಇದು ಈ ಹೊತ್ತಿನಲ್ಲಿ ಹೇಳುವ ಮಾತಲ್ಲ... ಆದರೂ ಕೇಳಿದಿರಿ, ಹೇಳುತ್ತೇನೆ. ಯಾರದೋ ಬಾಯಿಂದ ಯಾರಿಗೋ ಬಂದ ಸುದ್ದಿ ಅಂದುಕೊಳ್ಳಬೇಡಿ. ಸಿಲ್ವಿಯು ನಮ್ಮ ಎದುರು ಮನೆಯವನು. ನಾಲ್ಕನೇ ಮಹಡಿ. ಸಿಬಿಯು ಊರಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಕುಡಿದು ಮಾತಾಡುವ ಆಸಾಮಿಯಲ್ಲ.

ಮೇ ತಿಂಗಳು. ರಾತ್ರಿ ಹನ್ನೊಂದು ದಾಟಿತ್ತು. ಒರ್ಲಾತ್‌ನಿಂದ ಪೊಪ್ಲಾಕಾಗೆ ಗುಡ್ಡದ ಬೆನ್ನ ಮೇಲೆ ಹೋಗುವ ಜಲ್ಲಿ ದಾರಿಯಲ್ಲಿ ಸಿಲ್ವಿಯು ಸೈಕಲ್ ತಳ್ಳಿಕೊಂಡು ನಡೆದು ಬರುತ್ತಿದ್ದ. ಹಿಂದಿನ ಚಕ್ರ ಪಂಕ್ಚರ್. ಬದಲಿ ಟ್ಯೂಬು ಮನೆಯಲ್ಲೇ ಮರೆತಿದ್ದ. ಗಾಳಿ ಹೋದ ಟೈರು ಜಲ್ಲಿಯ ಮೇಲೆ ಲೊಪ್... ಲೊಪ್... ಅನ್ನುತ್ತಿತ್ತು. ಹಿಂಚಕ್ರದ ಫ್ರೀವೀಲು ಟಿಕಿ ಟಿಕಿ ಟಿಕಿ ಅನ್ನುತ್ತಿತ್ತು. ಕೆಳಗೆ ದೂರದಲ್ಲಿ ಊರಿನ ದೀಪಗಳು. ಬೇರೆ ಸದ್ದಿಲ್ಲ.

ತಿರುವಿನಲ್ಲಿ ಒಂದು ಬಾವಿ ಇದೆ. ಮೇಲೊಂದು ಮರದ ಶಿಲುಬೆ, ಸರಪಳಿಗೆ ಕಟ್ಟಿದ ತಗಡಿನ ಲೋಟ. ಅದನ್ನು ದಾಟಿ ಹತ್ತು ಹೆಜ್ಜೆ ಹೋಗಿರಬೇಕು... ಹಿಂದೆ ಸರಪಳಿ ಕಿಣಿಕ್ ಅಂದಿತು. ಯಾರೋ ಲೋಟ ಕೆಳಗಿಟ್ಟ ಹಾಗೆ.

ನಿಂತ. ಸೈಕಲ್ಲಿನ ಸದ್ದೂ ನಿಂತಿತು.

ಆಮೇಲೆ ಕೇಳಿಸಿತು. ಚರಕ್... ಟಿಕ್. ಚರಕ್... ಟಿಕ್. ಹೆಜ್ಜೆ. ಬರೀ ಹೆಜ್ಜೆಯಲ್ಲ, ಶೂ ಅಡಿಯ ಲೋಹ ಕಲ್ಲಿಗೆ ತಾಗುವ ಹೆಜ್ಜೆ. ಪೆಡಲಿಗೆ ಕಚ್ಚಿಕೊಳ್ಳಲಿ ಅಂತ ಸೈಕಲ್ ಶೂಗಳ ಅಡಿಗೆ ಹಾಕುತ್ತಾರಲ್ಲ, ಆ ಲೋಹ. ಆ ಶೂ ಹಾಕಿಕೊಂಡು ಸವಾರಿ ಮಾಡಬಹುದೇ ಹೊರತು ನಡೆಯಲಾಗುವುದಿಲ್ಲ.

ಸಿಲ್ವಿಯುವಿನ ಬೆನ್ನು ತಣ್ಣಗಾಯಿತು. ಯಾಕೆಂದರೆ ಅಂಥ ಶೂ ಹಾಕಿಸಿ ಮಣ್ಣು ಮಾಡಿದ್ದು ಒಬ್ಬನನ್ನೇ. ಅವನ ಗೆಳೆಯ ಡೋರುವನ್ನು.

ಡೋರು ಒರ್ಲಾತ್‌ನವನು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಹೆಂಚಿನ ಒಲೆ ಕಟ್ಟುವುದು ಅವನ ಕಸುಬು. ಕೈಗೆ ಯಾವಾಗಲೂ ಜೇಡಿಮಣ್ಣಿನ ವಾಸನೆ. ಆರಡಿ ಮೂರಂಗುಲ ಆಳು. ಹನ್ನೆರಡು ವರ್ಷ, ಪ್ರತಿ ಶುಕ್ರವಾರ ಇಬ್ಬರೂ ಜಲ್ಲಿ ದಾರಿ ಹಿಡಿದವರು. ಒಮ್ಮೆ ಚಿಸ್ನದಿಯೋರಾ ಗುಡ್ಡದ ಮೇಲಿನ ಕಲ್ಲಿನ ಇಗರ್ಜಿ, ಒಮ್ಮೆ ರಶಿನಾರಿಯ ಕುರಿದೊಡ್ಡಿಗಳು, ಒಮ್ಮೆ ಕಾಡಿನೊಳಗಿನ ಅಣೆಕಟ್ಟು. ಕೊನೆಗೆ ಎಲ್ಲಿಗೆ ಹೋದರೂ ಡೋರುವಿನ ತಾಯಿ ಸವೇತಮ್ಮನ ಅಡುಗೆಮನೆಗೆ ಬಂದು ಬೀಳುವುದು, ಬಿಸಿ ಮೆಕ್ಕೆಜೋಳದ ಮುದ್ದೆ, ಕುರಿಹಾಲಿನ ಚೀಸು. ಡೋರು ಯಾವಾಗಲೂ ಮುಂದೆ. ಏರಿನಲ್ಲಿ ನಿಂತು ಕೂಗುತ್ತಿದ್ದ, "ಬಾರೋ ಕುಳ್ಳ! ಬೆಳಗಾಯ್ತು!" ಸಿಲ್ವಿಯು ಕೆಳಗಿನಿಂದ ಏದುಸಿರಲ್ಲಿ, "ನಡಿ ನಡಿ... ಬರ್ತಿದೀನಿ."

ಮೂರು ಚಳಿಗಾಲ ಕೂತು ಒಂದೊಂದೇ ಬಿಡಿಭಾಗ ತಂದು ಡೋರು ಕಟ್ಟಿದ್ದ ಸೈಕಲ್ಲು ಅದು, ಆ ರಾತ್ರಿ ಸಿಲ್ವಿಯು ತಳ್ಳಿಕೊಂಡು ಬರುತ್ತಿದ್ದದ್ದು. ಸೀಟಿನ ಕಂಬಕ್ಕೆ ತನ್ನ ಎತ್ತರದ ಗುರುತಾಗಿ ನೀಲಿ ಟೇಪು ಸುತ್ತಿದ್ದ. ಸಿಲ್ವಿಯು ಎಂದಾದರೂ ಒಂದು ಸುತ್ತು ಕೇಳಿದರೆ ಸೀಟು ಇಳಿಸಲೇಬೇಕು. ಆಗ ಡೋರು, "ನೀನು ಇಳಿಸಿದ ಸೀಟಲ್ಲಿ ಕೋಳಿನೂ ಕೂರಲ್ಲ ಕಣೋ" ಅನ್ನುತ್ತಿದ್ದ.

ಫೆಬ್ರವರಿಯಲ್ಲಿ ಡೋರುವಿನ ತಲೆಯೊಳಗೆ ಒಂದು ನರ ಒಡೆಯಿತು. ಮೂರು ದಿನ. ಮೂವತ್ತಾರು ವರ್ಷ. ಅಷ್ಟೇ.

ಚರ್ಮದ ಶೂ ಅವನಿಗೆ ಕಚ್ಚುತ್ತಿತ್ತು ಅಂತ ಸವೇತಮ್ಮ ಪೆಟ್ಟಿಗೆಯೊಳಗೆ ಮಗನ ಕಾಲಿಗೆ ಸೈಕಲ್ ಶೂಗಳನ್ನೇ ಹಾಕಿಸಿದಳು. ನಲವತ್ತನೇ ದಿನ ಅವನ ಹೆಸರಲ್ಲಿ ದಾನ. ನಮ್ಮಲ್ಲಿ ಸತ್ತವರ ವಸ್ತುವನ್ನು ಬದುಕಿದವರ ಕೈಗೆ ಕೊಟ್ಟರೆ ಆಚೆ ಲೋಕದಲ್ಲಿ ಅದು ಅವರಿಗೆ ತಲುಪುತ್ತದೆ. ಆದರೆ ತೆಗೆದುಕೊಂಡವನು ಒಂದು ಮಾತು ಹೇಳಬೇಕು. ಬೊಗ್ದಾಪ್ರೊಸ್ತೆ. ದೇವರು ಅವನನ್ನು ಕ್ಷಮಿಸಲಿ ಅಂತ. ಥ್ಯಾಂಕ್ಸ್ ಅಂದರೆ ಅದು ಕೊಟ್ಟವರಿಗೆ ಸೇರಿತು, ಸತ್ತವನಿಗೆ ಅಲ್ಲ. ಐದು ವರ್ಷದ ಮಕ್ಕಳಿಗೂ ಗೊತ್ತು ಇದು.

ಸವೇತಮ್ಮ ಗೇಟಿನ ಹತ್ತಿರ ಸೈಕಲ್ಲಿನ ಹ್ಯಾಂಡಲಿಗೆ ಟವೆಲು ಕಟ್ಟಿ, ಬ್ರೆಡ್ಡಿಗೆ ಮೇಣದಬತ್ತಿ ಸಿಕ್ಕಿಸಿ, ಸಿಲ್ವಿಯುವಿನ ಕೈಗಿಟ್ಟಳು. "ತಗೋ ಮಗಾ. ಡೋರು ಹೆಸರಲ್ಲಿ."

ಸಿಲ್ವಿಯು ಬಾಯಿ ತೆರೆದ. ಆ ಮಾತು ಹೇಳಿದರೆ ಡೋರು ಸತ್ತ ಅಂತ ತಾನೇ ಒಪ್ಪಿದ ಹಾಗೆ. "ಥ್ಯಾಂಕ್ಸ್ ಅಮ್ಮ" ಅಂದ, ಒಂದು ವಾರಕ್ಕೆ ಎರವಲು ತಗೊಂಡವನ ಹಾಗೆ. ಇಗರ್ಜಿಯ ಗಂಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಇದಾಗಿ ಎರಡು ತಿಂಗಳಿಗೆ, ಆ ಮೇ ರಾತ್ರಿ, ಸವೇತಮ್ಮನೇ ಅವನನ್ನು ಕರೆಸಿಕೊಂಡಿದ್ದಳು. ಕನಸು ಬಿದ್ದಿತ್ತು.

"ಡೋರು ಬಂದಿದ್ದ ಕಣಪ್ಪಾ. ನಡ್ಕೊಂಡು ಬಂದಿದ್ದ. ಹಿಮ್ಮಡಿ ಎಲ್ಲಾ ಬೊಬ್ಬೆ. ಅಮ್ಮಾ, ಸೈಕಲ್ ಯಾರಿಗೆ ಕೊಟ್ಟೆ ಅಂತ ಕೇಳ್ದ. ಸಿಲ್ವಿಯುಗೆ ಕೊಟ್ಟೆ ಅಂದೆ. ಸುಮ್ನೆ ನನ್ನ ಮುಖ ನೋಡ್ದ." ಅವಳು ಸೆರಗಿನಂತೆ ಇಳಿದ ತಲೆವಸ್ತ್ರದಿಂದ ಮೂಗೊರೆಸಿಕೊಂಡಳು. "ನೀನು ಆ ಮಾತು ಹೇಳಿದ್ದೆ ತಾನೇ?"

"ಹೇಳಿದ್ದೆ ಅಮ್ಮ."

"ಹಾಗಾದ್ರೆ ನನ್ನದೇ ತಪ್ಪು. ಆ ಶೂ ಹಾಕಿಸಿ ಕಳಿಸಬಾರದಿತ್ತು. ನಡೆಯೋಕಾಗಲ್ಲ ಅದ್ರಲ್ಲಿ..."

ಆ ಸುಳ್ಳು ಹೇಳಿ ಹೊರಟವನ ಚಕ್ರಕ್ಕೇ ಮೊಳೆ ಚುಚ್ಚಿದ್ದು. ಈಗ ಬಾವಿಯ ಹತ್ತಿರ ನಿಂತಿದ್ದಾನೆ. ತಿರುಗಿ ನೋಡುವ ಧೈರ್ಯವಿಲ್ಲ.

ಕುರಿದೊಡ್ಡಿಯ ಕಡೆಯಿಂದ ಉರ್ಸು ಬಂತು. ಕರುವಿನ ಗಾತ್ರದ ಕುರಿನಾಯಿ, ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುವುದೇ ಅದರ ಕೆಲಸ. ಡೋರು ಒಬ್ಬನಿಗೆ ಮಾತ್ರ ಬಗ್ಗುತ್ತಿತ್ತು. ಅವನು ಅದಕ್ಕಾಗಿ ಜೇಬಿನಲ್ಲಿ ಬ್ರೆಡ್ಡಿನ ತುದಿ ಇಟ್ಟುಕೊಳ್ಳುತ್ತಿದ್ದ. ಆ ರಾತ್ರಿ ಉರ್ಸು ಬೊಗಳಲಿಲ್ಲ. ಸಿಲ್ವಿಯುವಿನ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ಕೂತಿತು. ಬಾಲ ನೆಲಕ್ಕೆ ಬಡಿಯಿತು. ಥಪ್... ಥಪ್... ಥಪ್.

ಸಿಲ್ವಿಯು ಪಿಸುಗುಟ್ಟಿದ. "ಡೋರು?"

ಹಿಂದಿನಿಂದ, ಏದುಸಿರಿನಲ್ಲಿ...

"ನಡಿ ನಡಿ... ಬರ್ತಿದೀನಿ."

ಓಡಿದನಾ ಅಂತ ನಾನು ಕೇಳಿದ್ದೆ. ಇಲ್ಲವಂತೆ. ಮೊದಲು ಹೆದರಿದ, ನಿಜ. ಆಮೇಲೆ ಅಳು ಬಂತು. ಆಮೇಲೆ, ಅವನೇ ಹೇಳಿದ್ದು, ಖುಷಿಯಾಯಿತು. ನಿಧಾನವಾಗಿ ನಡೆದ. ಹಿಂದೆ ಹೆಜ್ಜೆಯೂ ಬಂತು. ಪೊಪ್ಲಾಕಾದ ಮೊದಲ ಮನೆಯ ದೀಪದವರೆಗೆ. ಅಲ್ಲಿ ನಿಂತಿತು.

ಮುಂದಿನ ಶುಕ್ರವಾರ ಸಿಲ್ವಿಯು ಮತ್ತೆ ಹೋದ. ಸೈಕಲ್ ಸರಿಯಾಗಿತ್ತು, ಟೈರು ಗಟ್ಟಿಯಾಗಿತ್ತು. ಆದರೂ ಬಾವಿಯ ಹತ್ತಿರ ಇಳಿದು ತಳ್ಳಿಕೊಂಡು ನಡೆದ. ಅದರ ಮುಂದಿನ ಶುಕ್ರವಾರವೂ. ನಡೆಯುತ್ತಾ ಮಾತಾಡುತ್ತಿದ್ದ. ಡಿಪೋದಲ್ಲಿ ಯಾರು ಯಾರಿಗೆ ಬೈದರು, ಯಾವ ದಾರಿಗೆ ಹೊಸ ಜಲ್ಲಿ ಬಿದ್ದಿದೆ, ಯಾರ ಮನೆಯ ಒಲೆ ಹೊಗೆ ಉಗುಳುತ್ತಿದೆ. ಹಿಂದಿನಿಂದ ಮಾತಿಲ್ಲ, ಕೇಳಿದರೆ ಅದೊಂದೇ, "ನಡಿ ನಡಿ..." ಅಷ್ಟೇ ಸಾಕಾಗಿತ್ತು ಅವನಿಗೆ. ಡೋರು ಹೋಗಿಲ್ಲ. ಇಲ್ಲೇ ಇದ್ದಾನೆ. ಸ್ವಾರ್ಥ ಅನ್ನಿ, ಏನು ಬೇಕಾದರೂ ಅನ್ನಿ. ಅಂಥ ಗೆಳೆಯ ಇದ್ದವರಿಗೆ ಗೊತ್ತಾಗುತ್ತದೆ.

ಆದರೆ ಹೆಜ್ಜೆ ಬದಲಾಗುತ್ತಿತ್ತು. ಮೊದಲು ಚರಕ್... ಟಿಕ್. ನಾಲ್ಕನೇ ವಾರಕ್ಕೆ ಚರಕ್... ಎಳೆದ ಸದ್ದು... ಬಹಳ ಹೊತ್ತಿನ ಮೇಲೆ ಟಿಕ್. ಒಂದು ಕಾಲು ಎಳೆಯುತ್ತಿತ್ತು. ಸಿಲ್ವಿಯು ಎಷ್ಟು ನಿಧಾನ ಮಾಡಿದರೂ ಹಿಂದಿನವನು ಹಿಂದೆಯೇ ಉಳಿಯುತ್ತಿದ್ದ.

ಜೂನ್ ಕೊನೆಯ ಶುಕ್ರವಾರ ಒರ್ಲಾತ್‌ಗೆ ಹೋದಾಗ ಸವೇತಮ್ಮ ಅಂಗಳದ ಬೆಂಚಿನ ಮೇಲೆ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಆ ಬಿಸಿಲಲ್ಲಿ!

"ಯಾರಿಗಮ್ಮ ಇದು, ಈ ಸೆಕೆಯಲ್ಲಿ?"

"ಯಾರಿಗಾದ್ರೂ. ದಾರೀಲಿ ಹೋಗೋರಿಗೆ. ಏಳು ಜೊತೆ ಕೊಟ್ಟೆ, ಡೋರು ಹೆಸರಲ್ಲಿ. ಎಲ್ರೂ ಆ ಮಾತು ಹೇಳಿದ್ರು, ನಾನೇ ಎದುರಿಗೆ ನಿಂತು ಹೇಳಿಸಿದೆ." ಸೂಜಿಗಳು ಕಟಕಟ ಅನ್ನುತ್ತಲೇ ಇದ್ದವು. "ಆದ್ರೂ ಕುಂಟ್ತಾನೆ ಕಣಪ್ಪಾ. ನಿನ್ನೆ ರಾತ್ರಿ ಕನಸಲ್ಲಿ ಗೇಟಿನವರೆಗೂ ಬರೋಕಾಗಲಿಲ್ಲ. ಆಚೆ ತಿರುವಲ್ಲೇ ಕೂತ್ಬಿಟ್ಟ. ಹೇಳು, ಏಳು ಜೊತೆ ಸಾಲ್ದಾ? ಎಷ್ಟು ಹೆಣೀಬೇಕು ನಾನು?"

ಸಿಲ್ವಿಯು ಅವಳ ಬೆರಳು ನೋಡಿದ. ತುದಿಯೆಲ್ಲ ಬಿರಿದಿತ್ತು. ಊಟ ಮಾಡದೆ ಎದ್ದ.

"ಕೂತ್ಕೋ, ಮುದ್ದೆ ಆಗ್ತಿದೆ."

"ಇಲ್ಲ ಅಮ್ಮ. ಒಂದು ಕೆಲಸ ಬಾಕಿ ಇದೆ."

ಕತ್ತಲಾಗುವವರೆಗೆ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಸೈಕಲ್ ಪಕ್ಕಕ್ಕೆ ಒರಗಿಸಿದ್ದ. ಹತ್ತಾಯಿತು. ಹನ್ನೊಂದಾಯಿತು... ಬಂತು. ಬಹಳ ದೂರದಿಂದ, ಎಳೆದುಕೊಂಡು, ನಿಂತು ನಿಂತು. ಹತ್ತಿರ ಬಂದು ನಿಂತಿತು. ಏದುಸಿರು. ಜೇಡಿಮಣ್ಣಿನ ವಾಸನೆ.

"ತಪ್ಪಾಯ್ತು ಕಣೋ" ಅಂದ ಸಿಲ್ವಿಯು. ತಲೆ ಎತ್ತಲಿಲ್ಲ. "ಗೊತ್ತಿದ್ದೂ ಹೇಳಲಿಲ್ಲ. ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ..."

ಸೈಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡ. "ಹೇಳ್ಲಾ?"

ಕಿವಿಯ ಹತ್ತಿರವೇ, ಮೆಲ್ಲಗೆ...

"ಹೇಳೋ ಕುಳ್ಳ. ಕಾಲು ನೋಯ್ತಿದೆ."

ಸಿಲ್ವಿಯು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈ ಇಟ್ಟ. ಮೂರು ಸಲ ಬಾಯಿ ತೆರೆದ, ಮೂರು ಸಲವೂ ಬರೀ ಅಳು ಬಂತು. ನಾಲ್ಕನೇ ಸಲ ಮಾತು ಬಂತು.

"ಬೊಗ್ದಾಪ್ರೊಸ್ತೆ."

ಲಟಕ್. ಶೂ ಪೆಡಲಿಗೆ ಕಚ್ಚಿಕೊಳ್ಳುವ ಸದ್ದು. ಸೈಕಲ್ ಅವನ ಕೈ ಕೆಳಗೇ ಇದೆ, ಅಲುಗಿಲ್ಲ. ಆದರೂ ಇಳಿಜಾರಿನ ಕಡೆಯಿಂದ ಕೇಳಿಸಿತು. ಟಿಕಿ ಟಿಕಿ ಟಿಕಿ... ಟಿರ್ರ್ರ್ರ್ರ್... ಜಲ್ಲಿ ಸಿಡಿಯುವ ಸದ್ದು. ವೇಗ ಏರಿತು. ತಿರುವು ದಾಟಿತು. ಸಣ್ಣದಾಯಿತು... ಇನ್ನೂ ಸಣ್ಣದಾಯಿತು...

ಉರ್ಸು ದೊಡ್ಡಿಯಿಂದ ಒಮ್ಮೆ ಊಳಿಟ್ಟಿತು. ಆಮೇಲೆ ಸಿಲ್ವಿಯುವನ್ನು ನೋಡಿ ಬೊಗಳಲು ಶುರುಮಾಡಿತು, ಯಾವಾಗಲೂ ಬೊಗಳುವ ಹಾಗೆ.

ಊರಿನವರೆಗೂ ಅವನು ತಳ್ಳಿಕೊಂಡೇ ಬಂದ. ಎಷ್ಟೋ ಸಲ ನಿಂತು ಕಿವಿಗೊಟ್ಟನಂತೆ. ಹಿಂದೆ ಯಾರೂ ಇರಲಿಲ್ಲ. ಫೆಬ್ರವರಿಯಲ್ಲಿ ಅಳಬೇಕಿದ್ದದ್ದನ್ನು ಆ ದಾರಿಯಲ್ಲಿ ಅತ್ತೆ ಅಂದ. ಮೂರು ಗಂಟೆಗೆ ಮೆಟ್ಟಿಲಲ್ಲಿ ಸದ್ದಾಗಿ ನಾನೇ ಬಾಗಿಲು ತೆಗೆದು ನೋಡಿದೆ. ಸೈಕಲ್ ಹೊತ್ತು ಹತ್ತುತ್ತಿದ್ದ. ಮುಖ ಗುರುತೇ ಸಿಗದಷ್ಟು ಊದಿತ್ತು. ಸೈಕಲ್ಲನ್ನು ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ಆರಕ್ಕೆ ಸವೇತಮ್ಮನ ಫೋನು. "ಬಂದಿದ್ದ ಕಣಪ್ಪಾ! ಒಳಗೆ ಬರಲೇ ಇಲ್ಲ, ಅವಸರ ಅವನಿಗೆ. ಗೇಟಲ್ಲೇ ಒಂದು ಕಾಲು ಊರಿ ನಿಂತಿದ್ದ. ಏನೋ ಕೋಳಿ ಗೀಳಿ ಅಂತಿದ್ದ, ಅರ್ಥ ಆಗಲಿಲ್ಲ. ನಗ್ತಿದ್ದ."

ಸಿಲ್ವಿಯು ಫೋನು ಹಿಡಿದೇ ಬಾಲ್ಕನಿಗೆ ಹೋದ. ಸೈಕಲ್ ಇಟ್ಟಲ್ಲೇ ಇತ್ತು. ಅವನು ತನ್ನ ಎತ್ತರಕ್ಕೆ ಇಳಿಸಿಟ್ಟಿದ್ದ ಸೀಟು ಮಾತ್ರ ಮೇಲೆದ್ದಿತ್ತು. ನಾಲ್ಕು ಬೆರಳು. ಸರಿಯಾಗಿ ನೀಲಿ ಟೇಪಿನವರೆಗೆ. ಬೋಲ್ಟು ಬಿಗಿಯಾಗಿತ್ತು.

ಅವನು ಅದನ್ನು ಇಳಿಸಲಿಲ್ಲ. ಆ ಎತ್ತರದಲ್ಲಿ ಕೂತರೆ ಅವನ ಕಾಲು ಪೆಡಲಿಗೆ ಎಟುಕುವುದಿಲ್ಲ, ಅದಕ್ಕೇ ಉದ್ದಕ್ಕೂ ನಿಂತುಕೊಂಡೇ ತುಳಿಯುತ್ತಾನೆ. ಶುಕ್ರವಾರಗಳಂದು ಪೊಪ್ಲಾಕಾ ಮೇಲಿನ ದಾರಿಗೆ ಹೋದರೆ ನೀವೂ ನೋಡಬಹುದು. ಹೆಜ್ಜೆ ಮತ್ತೆ ಕೇಳಿಸಿಲ್ಲವಂತೆ. ಒಂದು ಸಲವೂ ಇಲ್ಲ. ಅದನ್ನು ಹೇಳುವಾಗ ಅವನು ಕಿಟಕಿಯ ಕಡೆ ತಿರುಗಿಕೊಳ್ಳುತ್ತಾನೆ.

ಇನ್ನೊಂದಿದೆ. ಇದು ಸಿಲ್ವಿಯು ಹೇಳಿದ್ದಲ್ಲ, ನಾನು ಕಂಡದ್ದು. ಹೋದ ನವೆಂಬರ್, ನೆಲವೆಲ್ಲ ಹಿಮ ಕಟ್ಟಿತ್ತು. ಲಿಫ್ಟು ಕೆಟ್ಟಿತ್ತು. ಅವನು ಒರ್ಲಾತ್‌ನಿಂದ ಬಂದವನು ಸುಸ್ತಾಗಿ ಕೆಳಗೆ ನಿಂತಿದ್ದ. ನಾನು ಸೈಕಲ್ ಎತ್ತಿಕೊಳ್ಳಲು ಕೈ ಹಾಕಿದೆ. ಹ್ಯಾಂಡಲ್ ಮಂಜುಗಡ್ಡೆ. ಕಬ್ಬಿಣವೆಲ್ಲ ಕೈ ಕಚ್ಚುವಷ್ಟು ತಣ್ಣಗೆ.

ಸೀಟು ಬೆಚ್ಚಗಿತ್ತು.

ಆಣೆ ಮಾಡಿ ಹೇಳುತ್ತೇನೆ, ಈ ಕೈಯಲ್ಲೇ ಮುಟ್ಟಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ.